ಏಳು ಟೇಬಲಿನ ಕ್ಲಬ್ಬಿನಲ್ಲಿ ಅಪೀಲ್ ಕೇಳಿದರೆ ಏನು ಮಾಡುತ್ತೀರಿ?

ನಾಲ್ಕನೇ_ಕೈ (ಮೈಸೂರು), ಭಾನುವಾರ ಬೆಳಿಗ್ಗೆ

ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಕಾಫಿ ಹಿಡಿದುಕೊಂಡು ಓದಿ.

ನಮ್ಮದು ಸಣ್ಣ ಬ್ರಿಡ್ಜ್ ಕ್ಲಬ್, ಅಂದರೆ ಇಬ್ಬಿಬ್ಬರು ಜೋಡಿಯಾಗಿ ಆಡುವ ಇಸ್ಪೀಟು. ಶನಿವಾರ ಸಂಜೆ 7 ಟೇಬಲ್, 14 ಜೋಡಿ, 21 ಬೋರ್ಡು. ಬೋರ್ಡು ಅಂದರೆ ಒಮ್ಮೆ ಹಂಚಿಟ್ಟ ಎಲೆಗಳು. ಅದೇ ಎಲೆ ಎಲ್ಲ ಟೇಬಲಿಗೂ ಹೋಗುತ್ತದೆ, ಒಂದೇ ಕಡೆ ಕೂತ ಜೋಡಿಗಳ ಸ್ಕೋರ್ ಹೋಲಿಸುತ್ತೇವೆ. ಕೂತ ದಿಕ್ಕೇ ಆಟಗಾರರ ಹೆಸರು: ನಾರ್ತ್-ಸೌತ್ ಒಂದು ಜೋಡಿ, ಈಸ್ಟ್-ವೆಸ್ಟ್ ಇನ್ನೊಂದು. ತಕರಾರು ಬಂದರೆ ತೀರ್ಪು ಕೊಡುವ ಡೈರೆಕ್ಟರ್ ಅಂತ ಬೇರೆ ಯಾರೂ ಇಲ್ಲ. ನಿಯಮದ ಪುಸ್ತಕ ಯಾರ ಬ್ಯಾಗಿನಲ್ಲಿದೆಯೋ ಅವರೇ ಡೈರೆಕ್ಟರ್. ಕೆಲವು ವರ್ಷದಿಂದ ಅದು ನನ್ನ ಬ್ಯಾಗಿನಲ್ಲಿದೆ. ನಾನೂ ಆಡುತ್ತಿರುತ್ತೇನೆ. ಯಾರಾದರೂ ಕರೆದರೆ ಎಲೆ ಮಗುಚಿಟ್ಟು ಎದ್ದು ಹೋಗುತ್ತೇನೆ.

ನಿನ್ನೆ 17ನೇ ಬೋರ್ಡು. ಯಾರೂ ವಲ್ನರಬಲ್ ಅಲ್ಲ, ಅಂದರೆ ಬಿದ್ದರೆ ದಂಡ ಕಡಿಮೆ. ಬಿಡ್ಡಿಂಗ್, ಅಂದರೆ ಇಂಥ ಜಾತಿ ತುರುಫಾದರೆ 6ರ ಮೇಲೆ ಇಷ್ಟು ಟ್ರಿಕ್ (ಪಟ್ಟು) ಗೆಲ್ಲುತ್ತೇವೆ ಅಂತ ಕೂಗುವ ಹರಾಜು, ಹೀಗೆ ಹೋಯಿತು. ಸೌತ್ 1 ಹಾರ್ಟ್, ವೆಸ್ಟ್ 1 ಸ್ಪೇಡ್, ನಾರ್ತ್ 2 ಹಾರ್ಟ್, ಈಸ್ಟ್ 2 ಸ್ಪೇಡ್. ಈಗ ಸೌತ್ ಯೋಚನೆಗೆ ಬಿದ್ದರು. ಬಿಡ್ ಕಾರ್ಡುಗಳ ಬಿಡ್ಡಿಂಗ್ ಬಾಕ್ಸಿಗೆ ಕೈ ಹಾಕಿದರು, ತೆಗೆದರು, ಮೇಲೆ ಫ್ಯಾನ್ ನೋಡಿದರು, ಆಮೇಲೆ ಪಾಸ್. ವೆಸ್ಟ್ ಪಾಸ್. ನಾರ್ತ್ 3 ಹಾರ್ಟ್ ಇಟ್ಟರು. ಎಲ್ಲರೂ ಪಾಸ್. ಸರಿಯಾಗಿ 9 ಟ್ರಿಕ್ ಬಂತು, 140.

ನಾರ್ತ್ ಕೈ ಇದು. ಸ್ಪೇಡ್ 8, 5. ಹಾರ್ಟ್ ರಾಜ, 7, 4. ಡೈಮಂಡ್ ರಾಣಿ, 9, 6, 3. ಕ್ಲಬ್ ಗುಲಾಮ, 8, 5, 2. ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1, ಒಟ್ಟು 6 ಪಾಯಿಂಟು.

ವೆಸ್ಟ್ ನನ್ನನ್ನು ಕರೆದರು. ಸೌತ್ ಯೋಚಿಸಿದ್ದು ನಿಜ ಅಂತ ನಾಲ್ಕೂ ಜನ ಒಪ್ಪಿದರು. ನಾನು ನಾರ್ತ್ ಕೈ ನೋಡಿದೆ. ಈ ಕೈಗೆ ಪಾಸ್ ಮಾಡುವುದೇ ಸಹಜ ಅನ್ನಿಸಿತು. 3 ಹಾರ್ಟ್ ರದ್ದು ಮಾಡಿ, 2 ಸ್ಪೇಡ್ ಆಗಿ 8 ಟ್ರಿಕ್ ಬಂದಂತೆ ಬರೆದೆ. ಈಸ್ಟ್-ವೆಸ್ಟ್‌ಗೆ 110.

ಆಟ ಮುಗಿದು ಲೆಕ್ಕ ಹಾಕಿದಾಗ ನಾರ್ತ್-ಸೌತ್ ಸಾಲಿನಲ್ಲಿ ಅರ್ಧ ಪಾಯಿಂಟಿನಿಂದ ಗೆದ್ದದ್ದು ಯಾರು ಗೊತ್ತಾ? ನಾನು ಮತ್ತು ನನ್ನ ಪಾರ್ಟ್ನರ್. ಎರಡನೇ ಸ್ಥಾನ ಆ ಜೋಡಿಗೆ.

ನಾರ್ತ್ ಎದ್ದು ಬಂದು "ಅಪೀಲ್ ಮಾಡುತ್ತೇನೆ" ಎಂದರು. ನನ್ನ ಬಾಯಿಂದ ಬಂದ ಮಾತು, "ಏಳು ಟೇಬಲಿನ ಕ್ಲಬ್ಬಿನಲ್ಲಿ ಅಪೀಲ್ ಏನು ಸ್ವಾಮಿ?" ಅವರ ಪಾರ್ಟ್ನರ್ ಕೂಡ "ನಾನು ಯೋಚಿಸಿದ್ದು ಹೌದು, ನನಗೆ ಅಪೀಲ್ ಬೇಡ" ಎಂದರು. ಅಲ್ಲಿಗೆ ನಿಂತಿತು. ನಾರ್ತ್ ಚಪ್ಪಲಿ ಹಾಕಿಕೊಂಡು ಹೊರಟವರು ಯಾರಿಗೂ ಬರುತ್ತೇನೆ ಅಂತಲೂ ಹೇಳಲಿಲ್ಲ. ಹತ್ತಾರು ವರ್ಷದ ಸ್ನೇಹ ನಮ್ಮದು.

ತೀರ್ಪು ಸರಿಯೇ? ಅಪೀಲ್ ವಿಷಯದಲ್ಲಿ ನಾನು ಏನು ಮಾಡಬೇಕಿತ್ತು?

ನಿವೃತ್ತ_ಮೇಷ್ಟ್ರು (ಸರಸ್ವತಿಪುರಂ)

ಎರಡು ಪ್ರಶ್ನೆ ಬೇರೆ ಬೇರೆ. ಮೊದಲು ತೀರ್ಪು.

ಯೋಚಿಸುವುದು ತಪ್ಪಲ್ಲ. ಯೋಚಿಸಲೆಂದೇ ಈ ಆಟ. ಆದರೆ ತುಂಬಾ ಹೊತ್ತು ಯೋಚಿಸಿ ಪಾಸ್ ಮಾಡಿದರೆ, "ನನ್ನ ಹತ್ತಿರ ಸ್ವಲ್ಪ ಜಾಸ್ತಿ ಇದೆ" ಅಂತ ಹೇಳಿದ ಹಾಗೇ ಆಯಿತು. ಅದು ಪಾರ್ಟ್ನರ್ ಕಿವಿಗೆ ಬೀಳಬಾರದಿದ್ದ ಮಾತು. 16ನೇ ನಿಯಮ ಕೇಳುವುದು ಇಷ್ಟೇ. ಅದೇ ಮಟ್ಟದ ಆಟಗಾರರಲ್ಲಿ ಸಾಕಷ್ಟು ಜನ ಪಾಸ್ ಬಗ್ಗೆ ಯೋಚಿಸುತ್ತಿದ್ದರೇ? ಕೆಲವರಾದರೂ ಪಾಸ್ ಮಾಡುತ್ತಿದ್ದರೇ? ಎರಡಕ್ಕೂ ಹೌದು ಎಂದಾದರೆ, ಆ ಯೋಚನೆ ತೋರಿಸಿದ ದಾರಿಯಲ್ಲಿ ಹೋಗುವ ಹಾಗಿಲ್ಲ. ನಾರ್ತ್ ಮನಸ್ಸಿನಲ್ಲಿ ಏನಿತ್ತು ಅನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ.

ಹಾರ್ಟ್ ನಾಲ್ಕು ಇದ್ದಿದ್ದರೆ ನಾನೂ ಕಣ್ಣು ಮುಚ್ಚಿ 3 ಹಾರ್ಟ್ ಅನ್ನುತ್ತಿದ್ದೆ. ಮೂರು ಹಾರ್ಟ್, 6 ಪಾಯಿಂಟು, ಚಪ್ಪಟೆ ಕೈ. ನನಗೂ ಪಾಸ್ ಅನ್ನಿಸುತ್ತದೆ. ಆದರೆ "ನನಗೆ ಅನ್ನಿಸುತ್ತದೆ" ಸಾಲದು. ನೀವು ಯಾರನ್ನಾದರೂ ಕೇಳಿದಿರಾ?

ನಾಲ್ಕನೇ_ಕೈ

ಇಲ್ಲ ಮೇಷ್ಟ್ರೇ. ರಾತ್ರಿ ಒಂಬತ್ತು ಗಂಟೆ. ಬಾಗಿಲು ಹಾಕಲು ವಾಚ್‌ಮನ್ ಕಾಯುತ್ತಿದ್ದ. ಅಲ್ಲದೆ ಅಲ್ಲಿದ್ದವರೆಲ್ಲ ಅದೇ ಬೋರ್ಡು ಆಡಿದವರು, ಇಲ್ಲವೇ ಆಡಬೇಕಾದವರು. ಯಾರನ್ನು ಕೇಳಲಿ?

ಕಳಾವರ್_ರಾಣಿ (ಕುವೆಂಪುನಗರ)

ಇದು ಆಡುತ್ತಾ ಡೈರೆಕ್ಟರ್ ಆಗುವವರೆಲ್ಲರ ಗೋಳು. ನನ್ನದೂ ಅದೇ. ಆಡುತ್ತಲೇ ಡೈರೆಕ್ಟರ್ ಆಗುವುದಕ್ಕೆ ನಿಯಮದಲ್ಲಿ ಅಡ್ಡಿಯಿಲ್ಲ. ಆದರೆ ಒಮ್ಮೆ ಪಕ್ಕದ ಟೇಬಲಿಗೆ ಹೋಗಿ ನಾಲ್ಕೂ ಕೈ ನೋಡಿ ಬಂದೆ. ಮುಂದಿನ ಸುತ್ತಿನಲ್ಲಿ ಅದೇ ಬೋರ್ಡು ನನ್ನ ಟೇಬಲಿಗೆ ಬಂತು! ಹೇಗೆ ಆಡಲಿ? ಎದುರಾಳಿಗಳಿಗೆ 60, ನಮಗೆ 40 ಶೇಕಡಾ ಬರೆದುಕೊಂಡೆ. ನನ್ನ ಪಾರ್ಟ್ನರ್ ಅಂದರೆ ನನ್ನ ಯಜಮಾನರು. ಮನೆಗೆ ಹೋಗುವ ದಾರಿಯಲ್ಲಿ ಕೇಳಬೇಕಿತ್ತು ಅವರ ಮಾತು.

ಸರ್, ನಿಮ್ಮನ್ನು ಬೈಯುತ್ತಿಲ್ಲ. ಆದರೆ ಒಂದು ಕೇಳುತ್ತೇನೆ. 17ನೇ ಬೋರ್ಡಿನಲ್ಲಿ ನಿಮ್ಮ ಸ್ಕೋರ್ ಎಷ್ಟಿತ್ತು?

ನಾಲ್ಕನೇ_ಕೈ

ಗೊತ್ತಿತ್ತು, ಯಾರಾದರೂ ಕೇಳುತ್ತಾರೆ ಅಂತ.

ನಾವೂ ನಾರ್ತ್-ಸೌತ್. ನಮ್ಮ ಟೇಬಲಿನಲ್ಲಿ ಅವರು 2 ಸ್ಪೇಡ್ ಆಡಿ ಒಂದು ಕಡಿಮೆ ಬಿದ್ದರು, ನಮಗೆ 50. ಅಂದರೆ ಆ ಜೋಡಿಯ 140 ನಮ್ಮ 50ಕ್ಕಿಂತ ಮೇಲಿತ್ತು. ನನ್ನ ತೀರ್ಪಿನಿಂದ ಅದು ನಮ್ಮ ಕೆಳಗೆ ಹೋಯಿತು. ತೀರ್ಪು ಕೊಡುವಾಗ ಇದು ನನ್ನ ತಲೆಯಲ್ಲಿ ಇರಲಿಲ್ಲ ಎಂದರೆ ನೀವು ನಂಬಬಹುದು. ನಾರ್ತ್ ಯಾಕೆ ನಂಬಬೇಕು?

ಮಂಡ್ಯದ_ಡಮ್ಮಿ

ಅಲ್ಲೇ ಇದೆ ಕಣ್ರೀ ಗಂಟು. ಕಬ್ಬಿನ ತೂಕದ ಸೇತುವೆ ಮೇಲೆ ಗಾಡಿಯವನೇ ನಿಂತು ತೂಕ ಬರೆದುಕೊಂಡ ಹಾಗಾಯಿತು. ತೂಕ ಸರಿಯಿದ್ದರೂ ಊರು ಒಪ್ಪಲ್ಲ.

ನಮ್ಮದು ಇನ್ನೂ ಚಿಕ್ಕ ಗುಂಪು, ನಾಲ್ಕೇ ಟೇಬಲ್. ನಮ್ಮ ಕಷ್ಟ ನಿಮ್ಮದಕ್ಕೆ ಉಲ್ಟಾ. ನಮ್ಮಲ್ಲಿ ಡೈರೆಕ್ಟರನ್ನು ಯಾರೂ ಕರೆಯುವುದೇ ಇಲ್ಲ. ಕರೆದರೆ ಸ್ಟೇಷನ್ನಿಗೆ ಕಂಪ್ಲೇಂಟ್ ಕೊಟ್ಟ ಹಾಗೆ ಮುಖ ಊದಿಸುತ್ತಾರೆ. ಅದಕ್ಕೇ ಎಲ್ಲ ಟೇಬಲಿನಲ್ಲೇ ರಾಜಿ ಪಂಚಾಯ್ತಿ.

ಹೋದ ತಿಂಗಳು ಹೀಗಾಯಿತು. ಒಬ್ಬರು ರಿವೋಕ್ ಮಾಡಿದರು. ಕೈಯಲ್ಲಿ ಡೈಮಂಡ್ ಇಟ್ಟುಕೊಂಡೇ ತುರುಫು ಹೊಡೆದು ಆ ಟ್ರಿಕ್ ಎತ್ತಿಕೊಂಡರು. ಆಮೇಲೆ ಇನ್ನೂ ಮೂರು ಟ್ರಿಕ್ ಗೆದ್ದರು. ಗೊತ್ತಾದಾಗ "ಅಯ್ಯೋ ತಪ್ಪಾಯ್ತು, ಒಂದು ಟ್ರಿಕ್ ತಗೊಳ್ಳಿ" ಎಂದರು. ಎದುರಿನವರು ದೊಡ್ಡ ಮನಸ್ಸು ಮಾಡಿ "ಬಿಡಿ, ಒಂದೇ ಸಾಕು" ಎಂದರು. ಮನೆಗೆ ಹೋಗಿ 64ನೇ ನಿಯಮ ಓದಿದರೆ ಎರಡು ಟ್ರಿಕ್ ಬರಬೇಕಿತ್ತು. ರಿವೋಕ್ ಮಾಡಿದ ಟ್ರಿಕ್ಕನ್ನು ರಿವೋಕ್ ಮಾಡಿದವರೇ ಗೆದ್ದರೆ ಅದು, ಜೊತೆಗೆ ಆಮೇಲೆ ಗೆದ್ದದ್ದರಲ್ಲಿ ಒಂದು. ಈಗ ದೊಡ್ಡ ಮನಸ್ಸು ಮಾಡಿದವರೇ ವಾರಗಟ್ಟಲೆ ಗೊಣಗುತ್ತಿದ್ದಾರೆ.

ನಿವೃತ್ತ_ಮೇಷ್ಟ್ರು

ಮಂಡ್ಯದವರೇ, ಅದು ದೊಡ್ಡ ಮನಸ್ಸಲ್ಲ, ನಿಯಮಭಂಗ. ಪರಿಹಾರ ಎಷ್ಟು ಅಂತ ತೀರ್ಮಾನಿಸುವ ಹಕ್ಕು ಆಟಗಾರರಿಗೆ ಇಲ್ಲ. ತಪ್ಪು ಎಂದು ಯಾರಾದರೂ ಬಾಯಿ ಬಿಟ್ಟ ಕೂಡಲೇ ಡೈರೆಕ್ಟರನ್ನು ಕರೆಯಬೇಕು, 9ನೇ ನಿಯಮ. ತಪ್ಪು ಮಾಡಿದವರೂ ಕರೆಯಬಹುದು. ಅವರು ಕರೆದರೆ ಇನ್ನೂ ಚೆಂದ, ಯಾರಿಗೂ ಮುಜುಗರ ಇಲ್ಲ.

ಇನ್ನು ಅಪೀಲ್ ವಿಷಯ. ಈಗ ಚಾಲ್ತಿಯಲ್ಲಿರುವುದು 2017ರ ನಿಯಮಗಳು. ಅದರಲ್ಲಿ 92 ಮತ್ತು 93 ನೋಡಿ. ಅಪೀಲ್ ಹಕ್ಕು. ಟೇಬಲ್ ಏಳಿದ್ದರೂ ಎಪ್ಪತ್ತಿದ್ದರೂ ಅಷ್ಟೇ. ಕ್ಲಬ್ ಬೇರೆ ಹೊತ್ತು ಗೊತ್ತುಮಾಡಿಲ್ಲದಿದ್ದರೆ, ಸ್ಕೋರ್ ಹಾಕಿದ ಮೇಲೆ 30 ನಿಮಿಷದ ಒಳಗೆ ಕೇಳಬೇಕು. ಡೈರೆಕ್ಟರ್ ಮೂಲಕವೇ ಹೋಗಬೇಕು. ಜೋಡಿ ಆಟದಲ್ಲಿ ಇಬ್ಬರೂ ಒಪ್ಪಬೇಕು. ಹಾಗಾಗಿ ಸೌತ್ ಬೇಡ ಎಂದ ಮೇಲೆ ಅಪೀಲ್ ಬಿತ್ತು. ಅಷ್ಟು ಸರಿ.

ಆದರೆ ನಾಲ್ಕನೇ ಕೈ ಅವರೇ, ನೀವು ಹೇಳಿದ ಮಾತು ಸರಿಯಲ್ಲ. 83ನೇ ನಿಯಮ ಏನು ಹೇಳುತ್ತದೆ? ತನ್ನ ಅಂದಾಜಿನ ಮೇಲೆ ಕೊಟ್ಟ ತೀರ್ಪನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು ಅನ್ನಿಸಿದರೆ, ಅಪೀಲ್ ಹಕ್ಕಿದೆ ಅಂತ ಡೈರೆಕ್ಟರೇ ತಿಳಿಸಬೇಕು. ನಿಮ್ಮ ಸ್ವಂತ ಸ್ಕೋರ್ ಅದರಲ್ಲಿ ಸಿಕ್ಕಿಕೊಂಡಿತ್ತು. ಇದಕ್ಕಿಂತ ಬೇರೆ ಸಂದರ್ಭ ಬೇಕೇ? ಅವರು ಕೇಳುವ ಮೊದಲೇ ನೀವು ಹೇಳಬೇಕಿತ್ತು.

ಹೊಸಬ_ಒಂಟಿಕೊಪ್ಪಲು

ನಾನು ಆಟ ಕಲಿತು ಎಂಟು ತಿಂಗಳು. ಒಂದು ಪೆದ್ದು ಪ್ರಶ್ನೆ. ಅಪೀಲ್ ವಿಚಾರಿಸಲು ಸಮಿತಿ ಮಾಡಿದರೆ ಅವರು ಡೈರೆಕ್ಟರ್ ಹೇಳಿದ್ದನ್ನೆಲ್ಲ ಬದಲಾಯಿಸಬಹುದಾ? ರಿವೋಕ್ ಪೆನಾಲ್ಟಿ ಜಾಸ್ತಿಯಾಯ್ತು, ಕಡಿಮೆ ಮಾಡಿ ಅಂತ ಕೇಳಬಹುದಾ?

ನಿವೃತ್ತ_ಮೇಷ್ಟ್ರು

ಪೆದ್ದು ಪ್ರಶ್ನೆಯಲ್ಲ. ದೊಡ್ಡವರೇ ಇದನ್ನು ತಪ್ಪು ತಿಳಿದಿರುತ್ತಾರೆ. ರಿವೋಕ್‌ಗೆ ಎರಡು ಟ್ರಿಕ್ ಅಂತ ಪುಸ್ತಕದಲ್ಲಿದ್ದರೆ ಎರಡೇ. ನಿಯಮದ ಅರ್ಥದಲ್ಲಿ, ಶಿಸ್ತಿನ ವಿಷಯದಲ್ಲಿ ಮುಖ್ಯ ಡೈರೆಕ್ಟರನ್ನು ಸಮಿತಿ ತಳ್ಳಿಹಾಕುವ ಹಾಗಿಲ್ಲ. ಇನ್ನೊಮ್ಮೆ ಯೋಚಿಸಿ ಅಂತ ಸಲಹೆ ಕೊಡಬಹುದು, ಅಷ್ಟೇ. ಸಮಿತಿ ಬದಲಾಯಿಸಬಹುದಾದ್ದು ಅಂದಾಜನ್ನು. ಪಾಸ್ ಸಹಜವೋ ಅಲ್ಲವೋ, 2 ಸ್ಪೇಡ್ ಎಷ್ಟು ಟ್ರಿಕ್ ಮಾಡುತ್ತಿತ್ತು, ಇಂಥವು. ಇಷ್ಟು ಗೊತ್ತಿದ್ದರೆ ಮುಕ್ಕಾಲು ಜಗಳ ಪುಸ್ತಕ ತೆರೆದ ಕೂಡಲೇ ಮುಗಿಯುತ್ತದೆ.

ಯಾದವಗಿರಿ_ಅಜ್ಜ

ಮಕ್ಕಳೇ, ನಿಮ್ಮ ಕಾಲ ಚೆನ್ನಾಗಿದೆ. ಬಿಡ್ಡಿಂಗ್ ಬಾಕ್ಸ್ ಬರುವ ಮೊದಲು ಬಾಯಲ್ಲೇ ಬಿಡ್ ಹೇಳಬೇಕಿತ್ತು. ಆಗ "ಡಬಲ್" ಅನ್ನುವುದರಲ್ಲೇ ಏಳು ರಾಗ. ಒಬ್ಬರು ಮಹಾನುಭಾವರಿದ್ದರು. ಒಳ್ಳೆಯ ಕೈ ಬಂದರೆ ನಶ್ಯ ಏರಿಸುತ್ತಿದ್ದರು. ಇಡೀ ಕ್ಲಬ್ಬಿಗೆ ಗೊತ್ತು, ಅವರಿಗೊಬ್ಬರಿಗೆ ಗೊತ್ತಿಲ್ಲ.

ನಮ್ಮ ಮನೆಯವರಿಗೆ ಇದು ಬರೀ ಇಸ್ಪೀಟಾಟವೇ. ಸುಪ್ರೀಂ ಕೋರ್ಟು 1967ರಲ್ಲೇ ರಮ್ಮಿ ಕೇಸಿನಲ್ಲಿ, ರಮ್ಮಿಯ ಅದೃಷ್ಟ ಬ್ರಿಡ್ಜಿನಲ್ಲಿ ಎಲೆ ಬೀಳುವ ಅದೃಷ್ಟದ ಹಾಗೇ, ಅದು ಚಾಣಾಕ್ಷತನದ ಆಟ ಎಂದಿತ್ತು. ಅದನ್ನು ಹೇಳಿದರೆ ಮನೆಯವಳು "ಕೋರ್ಟಿಗೇ ಹೋಗಿ ಊಟ ಮಾಡಿ" ಎಂದಳು. 2018ರಲ್ಲಿ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ ಪ್ರಣಬ್ ಬರ್ಧನ್, ಶಿಬನಾಥ್ ಸರ್ಕಾರ್ ಜೋಡಿ ಚಿನ್ನ ತಂದ ಮೇಲೆ ಸ್ವಲ್ಪ ಮರ್ಯಾದೆ ಸಿಕ್ಕಿತು.

ವಿಷಯಕ್ಕೆ ಬರುತ್ತೇನೆ. ಆ ಕೈ ನನಗೆ ಬಂದಿದ್ದರೆ ನಾನು 3 ಆಟಿನ್ (ಹಾರ್ಟ್) ಅನ್ನುತ್ತಿದ್ದೆ. ಎರಡರಲ್ಲಿ ಅವರನ್ನು ಆಡಲು ಬಿಡುವ ಜಾತಿ ನಾನಲ್ಲ. ಪಾರ್ಟ್ನರ್ ಯೋಚಿಸಲಿ, ಗೊರಕೆ ಹೊಡೆಯಲಿ, ನನಗೇನು? ಹಾಗಾದರೆ ನನಗೂ ಶಿಕ್ಷೆಯೇ?

ಕಳಾವರ್_ರಾಣಿ

ಅಜ್ಜ, ಬಾಯಲ್ಲಿ ಹಾಗೆ ಎಲ್ಲರೂ ಹೇಳುತ್ತಾರೆ. ಅದಕ್ಕೇ ಯೋಚನೆಯ ವಿಷಯ ಹೇಳದೆ ಬರೀ ಕೈ ಮತ್ತು ಬಿಡ್ಡಿಂಗ್ ತೋರಿಸಿ ಬೇರೆಯವರನ್ನು ಕೇಳುವುದು. ಸೌತ್ ತಡಮಾಡದೆ ಪಾಸ್ ಮಾಡಿದ್ದರೂ ನೀವು 3 ಆಟಿನ್ ಅಂತಲೇ ಹೇಳುತ್ತಿದ್ದಿರೋ ಏನೋ. ಹತ್ತರಲ್ಲಿ ಹತ್ತೂ ಜನ ನಿಮ್ಮ ಹಾಗೆ ಹೇಳಿದರೆ ತೀರ್ಪು ತಪ್ಪು. ಮೂರ್ನಾಲ್ಕು ಜನ ಪಾಸ್ ಎಂದರೂ ತೀರ್ಪು ಸರಿ.

ಮತ್ತೆ, ಇದು ಶಿಕ್ಷೆ ಅಲ್ಲ ಅಜ್ಜ. ಸ್ಕೋರ್ ತಿದ್ದುವುದು ಬೇರೆ, ದಂಡ ಹಾಕುವುದು ಬೇರೆ. ನಮ್ಮವರಿಗೆ ಇದು ತಲೆಗೆ ಹೋಗುವುದೇ ಇಲ್ಲ.

ಮಂಡ್ಯದ_ಡಮ್ಮಿ

ನಾಲ್ಕನೇ ಕೈ ಸರ್, ಒಂದು ಕೆಲಸ ಮಾಡುತ್ತೇನೆ. ಆ ಕೈ ನಮ್ಮ ಗುಂಪಿಗೆ ಕಳಿಸುತ್ತೇನೆ. ನಮ್ಮವರು ಯಾರೂ ಈ ಬೋರ್ಡು ನೋಡಿಲ್ಲ, ಈ ಚರ್ಚೆಯನ್ನೂ ಓದಲ್ಲ. ಏನೂ ಹೇಳದೆ "ನಿಮ್ಮ ಬಿಡ್ ಏನು?" ಅಂತ ಮಾತ್ರ ಕೇಳುತ್ತೇನೆ. ಸಂಜೆಯೊಳಗೆ ಹೇಳುತ್ತೇನೆ.

ಹೊಸಬ_ಒಂಟಿಕೊಪ್ಪಲು

ಅಲ್ಲಿಯವರೆಗೆ ನನ್ನದೊಂದು ಕೇಸ್. ನಾನು ಡಿಕ್ಲೇರರ್, ಅಂದರೆ ಬಿಡ್ ಗೆದ್ದು ಆಡುವವನು. ಕೊನೆಗೆ ಐದು ಎಲೆ ಉಳಿದಿತ್ತು. "ಎಲ್ಲ ನಂದೇ" ಅಂತ ಎಲೆ ಕೆಳಗಿಟ್ಟೆ. ಎದುರಿನ ಮೇಡಂ "ನನ್ನ ಹತ್ತಿರ ಒಂದು ತುರುಫು ಇದೆ" ಎಂದರು. ನನ್ನ ಹತ್ತಿರ ದೊಡ್ಡ ತುರುಫು ಇತ್ತು, ಮೊದಲು ಅದನ್ನೇ ಇಳಿಸುತ್ತಿದ್ದೆ. ಆದರೂ ಒಂದು ಟ್ರಿಕ್ ಕಿತ್ತುಕೊಂಡರು. ಇದು ನ್ಯಾಯವಾ?

ನಿವೃತ್ತ_ಮೇಷ್ಟ್ರು

ನ್ಯಾಯವೇ. 70ನೇ ನಿಯಮ. ಹೊರಗಿರುವ ತುರುಫಿನ ಬಗ್ಗೆ ನೀವು ಏನೂ ಹೇಳಲಿಲ್ಲ. ಅದು ಇರುವುದನ್ನು ನೀವು ಮರೆತಿರುವ ಸಾಧ್ಯತೆ ಇದೆ. ಅಜಾಗ್ರತೆಯಿಂದಲಾದರೂ ಸರಿ, ಸಾಧಾರಣ ಆಟದಲ್ಲಿ ಅದಕ್ಕೊಂದು ಟ್ರಿಕ್ ಹೋಗಬಹುದಿತ್ತು. ಮೂರೂ ಸೇರಿದರೆ ಟ್ರಿಕ್ ಅವರದು. "ತುರುಫು ಎಳೆದು, ಉಳಿದದ್ದು ನಂದು" ಅಂದಿದ್ದರೆ ನಿಮ್ಮದು. ನಾಲ್ಕು ಪದ ಉಳಿಸಲು ಹೋಗಿ ಒಂದು ಟ್ರಿಕ್ ಕಳೆದುಕೊಂಡಿರಿ.

ಹೊಸಬ_ಒಂಟಿಕೊಪ್ಪಲು

ಸರಿ ಸರ್. ಮೇಡಂ ಹತ್ತಿರ ಕ್ಷಮೆ ಕೇಳಬೇಕು ಈಗ. ಆವತ್ತು ಸ್ವಲ್ಪ ಜೋರಾಗಿಯೇ ಮಾತಾಡಿದ್ದೆ.

ಪಾಸ್_ಪಾಸ್_ಪಾಸ್

ಈ ಕಥೆಯ ನಾರ್ತ್ ನಾನು.

ಮಗಳು ಈ ಚರ್ಚೆ ತೋರಿಸಿದಳು. ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ.

ತೀರ್ಪಿನ ಬಗ್ಗೆ ನನಗಿರುವುದು ಒಂದೇ ಮಾತು. ಇನ್ನೊಂದು ಟೇಬಲಿನಲ್ಲೂ 3 ಹಾರ್ಟ್ ಆಡಿ 140 ಬಂದಿದೆ. ಅವರದು ಉಳಿಯಿತು, ನಮ್ಮದು ಹೋಯಿತು. ಅದು ಹಾಳಾಗಲಿ. 140 ಹೋದದ್ದಕ್ಕೆ ನಾನು ಎದ್ದು ಹೋಗಲಿಲ್ಲ.

ಸ್ನೇಹಿತರು ಒಂದು ಮಾತು ಇಲ್ಲಿ ಬರೆದಿಲ್ಲ. ಅಷ್ಟು ಜನರ ಮುಂದೆ ನಿಂತು, "ನೀವು ಪಾರ್ಟ್ನರ್ ಮುಖ ನೋಡಿ ಬಿಡ್ ಮಾಡಿದಿರಿ" ಎಂದರು. ಎಲ್ಲರೂ ತಿರುಗಿ ನೋಡಿದರು. ನಾನು ಬ್ಯಾಂಕಿನಲ್ಲಿ ಕ್ಯಾಷ್ ಕೌಂಟರಿನಲ್ಲಿ ಕೂತು ಜೀವನ ಕಳೆದವನು. ಒಂದು ದಿನವೂ ಲೆಕ್ಕ ತಪ್ಪಿಲ್ಲ. ಮೋಸಗಾರ ಅಂತ ಅನ್ನಿಸಿಕೊಂಡು ಸುಮ್ನೆ ಕೂರಬೇಕಿತ್ತೇ? ಅಪೀಲ್ ಕೇಳಿದ್ದು ಅದಕ್ಕೆ. ಬೇರೆ ಯಾರಾದರೂ ಒಬ್ಬರು ನೋಡಲಿ ಅಂತ. ಅದಕ್ಕೂ ನಕ್ಕರು.

ನಾಲ್ಕನೇ_ಕೈ

ಆ ಮಾತು ಹೇಳಿದ್ದು ನಿಜ. ಬರೆಯುವಾಗ ಬಿಟ್ಟದ್ದೂ ನಿಜ. ಮರೆತು ಬಿಟ್ಟದ್ದಲ್ಲ. ಸಂಜೆ ಮನೆಗೆ ಬರುತ್ತೇನೆ.

ನಿವೃತ್ತ_ಮೇಷ್ಟ್ರು

ನಾರ್ತ್ ಅವರೇ, ನೀವು ಬರೆದದ್ದು ಒಳ್ಳೆಯದಾಯಿತು. ಇನ್ನೊಂದು ಟೇಬಲಿನ ಬಗ್ಗೆ ಹೇಳಿದಿರಲ್ಲ, ಅಲ್ಲಿ ಬಿಡ್ಡಿಂಗ್ ಹೇಗೆ ಹೋಯಿತು ಗೊತ್ತೇ? ಸೌತ್ ತಾವೇ 3 ಹಾರ್ಟ್ ಹೇಳಿದ್ದರೆ ಆ ಹೋಲಿಕೆ ನಿಲ್ಲುವುದಿಲ್ಲ.

ಡೈರೆಕ್ಟರ್ ಆಡಬೇಕಾದ ಮಾತು ಹೀಗಿರಬೇಕು: "ಯೋಚನೆ ಆಗಿದೆ ಅಂತ ಎಲ್ಲರೂ ಒಪ್ಪಿದ್ದೀರಿ. ಪಾಸ್ ಮಾಡಬಹುದಾದ ಕೈ ಇದು. ಹಾಗಾಗಿ ಸ್ಕೋರ್ ತಿದ್ದುತ್ತೇನೆ. ಒಪ್ಪದಿದ್ದರೆ ಅಪೀಲ್ ಮಾಡಬಹುದು." ಇಷ್ಟೇ. ಇದರಲ್ಲಿ ಮುಖ ನೋಡಿದ್ದು ಎಲ್ಲಿ ಬಂತು?

ಪಾಸ್_ಪಾಸ್_ಪಾಸ್

ಅಲ್ಲಿ ಸೌತ್ ತಾವೇ ಹೇಳಿದ್ದಂತೆ. ಈಗ ಫೋನ್ ಮಾಡಿ ಕೇಳಿದೆ. ಸರಿ, ಆ ಮಾತು ವಾಪಸ್.

ಮಂಡ್ಯದ_ಡಮ್ಮಿ

ಫಲಿತಾಂಶ ಬಂತು. ಐದು ಜನರನ್ನು ಕೇಳಿದೆ. ಮೂವರು ಪಾಸ್, ಇಬ್ಬರು 3 ಹಾರ್ಟ್. ಒಬ್ಬರು ಪಾಸ್ ಎಂದವರು "ಮೂರು ಹಾರ್ಟಿಗೆ ಯಾರ್ರೀ ಮೇಲೆ ಹೋಗ್ತಾರೆ" ಅಂತ ನನಗೇ ಬೈದರು. 3 ಹಾರ್ಟ್ ಎಂದವರಲ್ಲಿ ಒಬ್ಬರು ಅಜ್ಜನ ಜಾತಿ.

ಕಳಾವರ್_ರಾಣಿ

ಹಾಗಾದರೆ 3 ಹಾರ್ಟ್ ರದ್ದು ಮಾಡಿದ್ದು ಸರಿ. ಆದರೆ ಸರ್, 2 ಸ್ಪೇಡ್ 8 ಟ್ರಿಕ್ ಅಂತ ಹೇಗೆ ಖಚಿತ ಮಾಡಿದಿರಿ? ನಿಮ್ಮ ಟೇಬಲಿನಲ್ಲೇ ಅದು ಬಿದ್ದಿದೆಯಲ್ಲ! ಏಳೂ ಟೇಬಲಿನ ಸ್ಕೋರ್ ಹಾಕಿ.

ನಾಲ್ಕನೇ_ಕೈ

ನಾರ್ತ್-ಸೌತ್ ಕಡೆಯಿಂದ: ಇವರ 140, ಇನ್ನೊಂದು 140. ನಮ್ಮದು 50, ಇನ್ನೊಂದು 50. ಎರಡು ಕಡೆ ಮೈನಸ್ 110. ಒಂದು ಕಡೆ ಮೈನಸ್ 140.

ಕಳಾವರ್_ರಾಣಿ

ನೋಡಿ. ಐದು ಟೇಬಲಿನಲ್ಲಿ ಸ್ಪೇಡ್ ಆಡಿದ್ದಾರೆ. ಎರಡು ಕಡೆ 2 ಸ್ಪೇಡ್ ಬಿದ್ದಿದೆ, ಮೂರು ಕಡೆ ಆಗಿದೆ. ಇಂಥಲ್ಲಿ ಒಂದೇ ಸ್ಕೋರ್ ಕೊಡಬೇಕಿಲ್ಲ. 12ನೇ ನಿಯಮದಲ್ಲಿ ಪಾಲು ಹಾಕಲು ಅವಕಾಶ ಇದೆ. 60 ಶೇಕಡಾ 8 ಟ್ರಿಕ್, 40 ಶೇಕಡಾ ಒಂದು ಕಡಿಮೆ, ಹೀಗೆ. ಒಂದೊಂದಕ್ಕೂ ಮ್ಯಾಚ್ ಪಾಯಿಂಟ್ (ನಮಗಿಂತ ಕೆಳಗಿರುವ ಪ್ರತಿ ಜೋಡಿಗೆ 1, ಸಮವಾದರೆ ಅರ್ಧ) ಲೆಕ್ಕ ಹಾಕಿ ಆ ಪಾಲಿನಲ್ಲಿ ಕೂಡಿಸುವುದು.

ಮೈನಸ್ 110 ಆದರೆ ಇವರಿಗೆ 6ರಲ್ಲಿ 2 ಪಾಯಿಂಟ್. ಪ್ಲಸ್ 50 ಆದರೆ 4. ಪಾಲು ಹಾಕಿದರೆ 2.8. ನಿಮಗೆ ಇವರ ವಿರುದ್ಧ ಸಿಕ್ಕ 1 ಪಾಯಿಂಟ್ 0.8 ಆಗುತ್ತದೆ. ಮುಂದಿನ ಕೂಡಿಸು ಕಳೆ ನೀವೇ ಮಾಡಿ, ನನಗೆ ಹೇಳಲು ಮನಸ್ಸಿಲ್ಲ.

ನಾಲ್ಕನೇ_ಕೈ

ಮಾಡಿದೆ. ಅವರದು 0.8 ಏರುತ್ತದೆ. ನಮ್ಮದು 0.2 ಇಳಿಯುತ್ತದೆ. ಅರ್ಧ ಪಾಯಿಂಟಿನಲ್ಲಿ ಗೆದ್ದವರು ನಾವು, ಈಗ ಅರ್ಧ ಪಾಯಿಂಟಿನಲ್ಲಿ ಸೋತೆವು.

ಯಾದವಗಿರಿ_ಅಜ್ಜ

ಶಿವ ಶಿವಾ.

ಹೊಸಬ_ಒಂಟಿಕೊಪ್ಪಲು

ಹಾಗಾದರೆ ಈಗ ರಿಸಲ್ಟ್ ಬದಲಾಗುತ್ತದಾ?

ನಿವೃತ್ತ_ಮೇಷ್ಟ್ರು

ಇಲ್ಲ. ಡೈರೆಕ್ಟರ್ ತನ್ನ ತಪ್ಪನ್ನು ತಾನೇ ತಿದ್ದಬಹುದು, ಆದರೆ ಅದಕ್ಕೂ ಹೊತ್ತಿದೆ. ಕ್ಲಬ್ಬಿನಲ್ಲಿ ಬೇರೆ ನಿಯಮ ಬರೆದಿಟ್ಟಿಲ್ಲದಿದ್ದರೆ ಅದೂ 30 ನಿಮಿಷವೇ. ಶನಿವಾರ ರಾತ್ರಿಯೇ ಮುಗಿಯಿತು. ಕ್ಲಬ್ಬುಗಳು ಈ ಹೊತ್ತನ್ನು ಮುಂದಿನ ಆಟದ ತನಕ ಅಂತ ಮಾಡಿಕೊಳ್ಳಬಹುದು. ನೋಟಿಸ್ ಬೋರ್ಡಿನಲ್ಲಿ ಒಂದು ಸಾಲು ಸಾಕು. ನಮ್ಮಲ್ಲಿ ಹಾಗೇ ಮಾಡಿದ್ದೇವೆ, ಮಾರನೇ ದಿನ ತಣ್ಣಗೆ ಯೋಚಿಸಲು ಆಗುತ್ತದೆ.

ನಾಲ್ಕನೇ_ಕೈ, ಬುಧವಾರ

ಭಾನುವಾರ ಸಂಜೆ ಅವರ ಮನೆಗೆ ಹೋದೆ. ಮೊದಲ ಹತ್ತು ನಿಮಿಷ ಮಳೆ, ಮೊಮ್ಮಕ್ಕಳು, ರಸ್ತೆ ಗುಂಡಿ. ಆಮೇಲೆ ಕ್ಷಮೆ ಕೇಳಿದೆ. ಲೆಕ್ಕದ ಹಾಳೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಕೂಡಿಸಿದರು. ಬ್ಯಾಂಕಿನವರಲ್ಲವೇ. "ಅರ್ಧ ಪಾಯಿಂಟ್ ಸರಿಯಾಗಿದೆ" ಎಂದರು.

ನಿನ್ನೆ ಆಟಕ್ಕೆ ಮೊದಲು ಎಲ್ಲರ ಮುಂದೆ, ಶನಿವಾರ ನಾನು ಆಡಿದ ಮಾತು ತಪ್ಪು, ಅವರು ಯಾವ ಮೋಸವನ್ನೂ ಮಾಡಿಲ್ಲ ಎಂದೆ. ಎಲ್ಲರ ಮುಂದೆ ಆಡಿದ್ದನ್ನು ಎಲ್ಲರ ಮುಂದೆಯೇ ವಾಪಸ್ ತೆಗೆದುಕೊಳ್ಳಬೇಕಲ್ಲ.

ಮಂಡ್ಯದವರ ಜೊತೆ ಒಂದು ಒಪ್ಪಂದ ಆಗಿದೆ. ಡೈರೆಕ್ಟರ್ ಸ್ಕೋರ್ ಸಿಕ್ಕಿಕೊಂಡಿರುವ ಅಂದಾಜಿನ ತೀರ್ಪು, ಮತ್ತೆ ಅಪೀಲ್, ಎರಡೂ ಅವರಿಗೆ ಹೋಗುತ್ತದೆ. ಹೆಸರಿಲ್ಲದೆ, ಬರೀ ಎಲೆ. ಅವರದು ನಮಗೆ ಬರುತ್ತದೆ. ಅಪೀಲ್ ಕೇಳುವ ಹೊತ್ತು ಮುಂದಿನ ಆಟದ ತನಕ ಅಂತ ಬರೆದು ಅಂಟಿಸಿದೆವು.

ಮಂಡ್ಯದ_ಡಮ್ಮಿ

ಒಂದು ಷರತ್ತು ಬಿಟ್ಟಿರಿ. ಹುರುಳಿಲ್ಲದ ಅಪೀಲ್ ಮಾಡಿದವರು ಎರಡೂ ಕಡೆಯವರಿಗೆ ಮದ್ದೂರು ವಡೆ ಕೊಡಿಸಬೇಕು. ದೊಡ್ಡ ಟೂರ್ನಮೆಂಟಿನಲ್ಲಿ ಡೆಪಾಸಿಟ್ ಇಡಿಸಿಕೊಳ್ಳುತ್ತಾರಂತೆ, ನಮಗೆ ಇದು ಸಾಕು.

ಪಾಸ್_ಪಾಸ್_ಪಾಸ್

ನಿನ್ನೆ 9ನೇ ಬೋರ್ಡಿನಲ್ಲಿ ಡೈರೆಕ್ಟರ್ ಸಾಹೇಬರೇ ಉಳಿದದ್ದೆಲ್ಲ ನಂದು ಅಂತ ಕ್ಲೇಮ್ ಮಾಡುವಾಗ ತುರುಫು ಹೇಳಲು ಮರೆತರು. ನಾನು ಈಸ್ಟ್. ನನ್ನ ಕೈಯಲ್ಲಿ ತುರುಫಿನ ಎರಡು ಇತ್ತು. ಡೈರೆಕ್ಟರನ್ನು ಕರೆದೆ. ಅವರೇ ಡೈರೆಕ್ಟರ್. ತಮ್ಮ ಮೇಲೆ ತಾವೇ 70ನೇ ನಿಯಮ ಓದಿಕೊಂಡು ನನಗೆ ಒಂದು ಟ್ರಿಕ್ ಕೊಟ್ಟರು. ಅಪೀಲ್ ಹಕ್ಕಿದೆ ಅಂತಲೂ ಹೇಳಿದರು, ತಮ್ಮ ಪಾರ್ಟ್ನರ್‌ಗೆ.

ನಾಲ್ಕನೇ_ಕೈ

ಪಾರ್ಟ್ನರ್ ಅಪೀಲ್ ಮಾಡಬೇಕು ಅಂತ ಕೂತಿದ್ದಾರೆ. ನಾನು ಒಪ್ಪಿಲ್ಲ.